ಕೈನೇಯ್ಗೆ, ಕೈಹೆಣಿಗೆ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಕೆಲವು ತೊಂದರೆಗಳ ಬೇರು ಒಂದೇ: ಕೈ ನೂಲನ್ನು ಬೇಕಾದ್ದಕ್ಕಿಂತ ಜಾಸ್ತಿ ಎಳೆಯುತ್ತದೆ. ಮಗ್ಗದಲ್ಲೂ ಅಷ್ಟೇ, ಕಡ್ಡಿಯಲ್ಲೂ ಅಷ್ಟೇ.

ನೇಯ್ಗೆಗೂ ಹೆಣಿಗೆಗೂ ಇರುವ ವ್ಯತ್ಯಾಸವೇನು?

ನೇಯ್ಗೆಗೆ ಎರಡು ಗುಂಪಿನ ನೂಲು ಬೇಕು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು ಹಾಸು. ಅವುಗಳ ಮೇಲೆ ಕೆಳಗೆ ನುಸುಳುತ್ತಾ ಅಡ್ಡ ಹಾಯುವ ನೂಲು ಹೊಕ್ಕು. 'ಬದುಕಿನಲ್ಲಿ ಹಾಸುಹೊಕ್ಕಾಗಿದೆ' ಎನ್ನುವ ಮಾತು ಬಂದದ್ದು ಇಲ್ಲಿಂದಲೇ. ಹೆಣಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ನೂಲು. ಅದು ಕುಣಿಕೆಯೊಳಗೆ ಕುಣಿಕೆಯಾಗಿ ಸಾಲು ಸಾಲಾಗಿ ಬೆಳೆಯುತ್ತದೆ.

ಬಟ್ಟೆಯ ಗುಣ ಬೇರೆಯಾಗುವುದೂ ಇದರಿಂದಲೇ. ನೇಯ್ದ ಬಟ್ಟೆ ಉದ್ದಕ್ಕೂ ಅಗಲಕ್ಕೂ ಅಷ್ಟಾಗಿ ಹಿಗ್ಗುವುದಿಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಮಾತ್ರ ಹಿಗ್ಗುತ್ತದೆ. ಹೆಣೆದ ಬಟ್ಟೆಯಲ್ಲಿ ಪ್ರತಿ ಕುಣಿಕೆಯೂ ಅಗಲವಾಗಿ ಮತ್ತೆ ಮೊದಲಿನಂತಾಗಬಲ್ಲದು. ಕಾಲ್ಚೀಲ, ಟೊಪ್ಪಿ, ಸ್ವೆಟರ್ ಮೈಗೆ ಹೊಂದಿಕೊಳ್ಳುವುದು ಹೀಗೆ. ನೇಯ್ದದ್ದನ್ನು ಕತ್ತರಿಸಿದರೆ ಅಂಚಿನ ಎಳೆಗಳು ಬಿಚ್ಚಿಕೊಳ್ಳುತ್ತವೆ. ಹೆಣೆದದ್ದರಲ್ಲಿ ಒಂದು ಕುಣಿಕೆ ಕಡಿದರೆ ಏಣಿಯ ಮೆಟ್ಟಿಲಿನಂತೆ ಕೆಳಗಿನವರೆಗೂ ಇಳಿಯುತ್ತದೆ.

ಎರಡೂ ಒಂದೇ ಕಾಲದ ಕಲೆಗಳೇ?

ಅಲ್ಲ. ನೇಯ್ಗೆಗೆ ಸಾವಿರಾರು ವರ್ಷಗಳ ವಯಸ್ಸು, ಅದರ ಮುಂದೆ ಹೆಣಿಗೆ ಚಿಕ್ಕ ಕೂಸು. ಕಡ್ಡಿಯ ಹೆಣಿಗೆಯ ಅತಿ ಹಳೆಯ ತುಣುಕುಗಳು ಈಜಿಪ್ಟಿನಲ್ಲಿ ಸಿಕ್ಕ ಹತ್ತಿಯ ಕಾಲ್ಚೀಲಗಳು, ಸುಮಾರು 11ರಿಂದ 14ನೇ ಶತಮಾನದವು. ಅದಕ್ಕೂ ಹಳೆಯ ಈಜಿಪ್ಟಿನ ಉಣ್ಣೆ ಕಾಲ್ಚೀಲಗಳು ನೋಡಲು ಹೆಣಿಗೆಯಂತಿದ್ದರೂ ಒಂದೇ ಸೂಜಿಯಿಂದ ಕುಣಿಕೆ ಹೊಲಿದು ಮಾಡಿದವು.

ಮೊದಲು ಯಾವುದನ್ನು ಕಲಿಯುವುದು ಒಳ್ಳೆಯದು?

ಜಾಗ ಕಡಿಮೆ, ಸಮಯವೂ ಬಿಡಿಬಿಡಿಯಾಗಿ ಸಿಗುತ್ತದೆ ಅನ್ನುವವರಿಗೆ ಹೆಣಿಗೆ. ಎರಡು ಕಡ್ಡಿ, ಒಂದು ಉಂಡೆ ನೂಲು ಇದ್ದರೆ ಆಯಿತು, ತಪ್ಪಾದರೆ ಬಿಚ್ಚಿ ಅದೇ ನೂಲಲ್ಲಿ ಮತ್ತೆ ಹೆಣೆಯಬಹುದು. ನೇಯ್ಗೆಯಲ್ಲಿ ತಯಾರಿಗೇ ಬಹಳ ಹೊತ್ತು ಹಿಡಿಯುತ್ತದೆ, ಆದರೆ ಹೊಕ್ಕಿನ ನೂಲನ್ನು ಒಯ್ಯುವ ಲಾಳಿ ಓಡಲು ಶುರುವಾದ ಮೇಲೆ ಬಟ್ಟೆ ಕಣ್ಣೆದುರೇ ಬೆಳೆಯುತ್ತದೆ. ಲೆಕ್ಕ, ತಯಾರಿ ಇಷ್ಟಪಡುವವರಿಗೆ ಮಗ್ಗ ಒಗ್ಗುತ್ತದೆ. ಎರಡನ್ನೂ ಒಂದೇ ವಾರ ಶುರುಮಾಡುವುದನ್ನು ಮಾತ್ರ ನಾವು ಒಪ್ಪುವುದಿಲ್ಲ.

ಮಗ್ಗ ಕೊಳ್ಳದೆ ನೇಯ್ದು ನೋಡಬಹುದೇ?

ಖಂಡಿತ. 20×25 ಸೆಂ.ಮೀ. ಅಳತೆಯ ಗಟ್ಟಿ ರಟ್ಟು ತೆಗೆದುಕೊಳ್ಳಿ. ಎರಡು ಗಿಡ್ಡ ಅಂಚುಗಳಲ್ಲಿ 6 ಮಿ.ಮೀ.ಗೊಂದರಂತೆ ಅರ್ಧ ಸೆಂ.ಮೀ. ಆಳದ ಸೀಳು ಹಾಕಿ. ಮೇಲಿನ ಸೀಳೂ ಕೆಳಗಿನ ಸೀಳೂ ಎದುರುಬದುರಾಗಿರಬೇಕು. ತಿರುಪು ಬಿಗಿಯಾಗಿರುವ ಹತ್ತಿ ದಾರವನ್ನು ರಟ್ಟಿನ ಮುಂಭಾಗದಲ್ಲಿ ಮೇಲೆ ಕೆಳಗೆ ಸುತ್ತುತ್ತಾ ಹೋಗಿ. ರಟ್ಟು ಬಿಲ್ಲಿನಂತೆ ಬಾಗಿದರೆ ಅತಿಯಾಯಿತು, ಸಡಿಲಿಸಿ. ಕೆಳಗಡೆ 2 ಸೆಂ.ಮೀ. ಅಗಲದ ರಟ್ಟಿನ ಪಟ್ಟಿಯೊಂದನ್ನು ಎಳೆಗಳ ನಡುವೆ ತೂರಿಸಿ, ಅದರ ಮೇಲಿನಿಂದ ದಪ್ಪ ಉಣ್ಣೆ ನೂಲಿನಲ್ಲಿ ನೇಯಲು ತೊಡಗಿ. ದೊಡ್ಡ ಕಣ್ಣಿನ ಮೊಂಡು ಸೂಜಿಯೇ ಲಾಳಿ, ತಲೆ ಬಾಚುವ ಬಾಚಣಿಗೆಯೇ ಹೊಕ್ಕನ್ನು ಒತ್ತಿ ಕೂರಿಸುವ ಹಣಿಗೆ. ಕೊನೆಯ 3 ಸೆಂ.ಮೀ.ಯಲ್ಲಿ ಸೂಜಿ ಆಡುವುದು ಕಷ್ಟವಾಗುತ್ತದೆ, ಅದು ಎಲ್ಲರಿಗೂ ಹಾಗೇ.

ಮೊದಲ ಮಗ್ಗ ಯಾವುದಿರಲಿ?

40ರಿಂದ 60 ಸೆಂ.ಮೀ. ಅಗಲದ ರಿಜಿಡ್ ಹೆಡಲ್ ಮಗ್ಗ. ಇದರ ಹಣಿಗೆಯಲ್ಲಿ ಒಂದು ತೂತು, ಒಂದು ಸೀಳು, ಮತ್ತೆ ತೂತು, ಮತ್ತೆ ಸೀಳು ಹೀಗೆ ಸಾಲಾಗಿರುತ್ತವೆ. ತೂತಿನ ಎಳೆ ಹಣಿಗೆಯ ಜೊತೆ ಏರಿಳಿಯುತ್ತದೆ, ಸೀಳಿನ ಎಳೆ ಇದ್ದಲ್ಲೇ ಇರುತ್ತದೆ. ಹಣಿಗೆ ಎತ್ತಿದರೆ ಎಳೆಗಳ ನಡುವೆ ಲಾಳಿ ಹಾಯುವ ಒಂದು ಬಾಯಿ ತೆರೆಯುತ್ತದೆ, ಇಳಿಸಿದರೆ ಇನ್ನೊಂದು. ಹೊಕ್ಕನ್ನು ಬಡಿಯುವುದೂ ಅದೇ ಹಣಿಗೆಯಿಂದ. ಸಾದಾ ನೇಯ್ಗೆಗೆ ಇಷ್ಟು ಸಾಕು. ಓರೆ ಗೆರೆಯ ಟ್ವಿಲ್ ಸಲೀಸಾಗಿ ಬೇಕೆಂದರೆ ನಾಲ್ಕು ಶಾಫ್ಟಿನ (ಎಳೆಗಳನ್ನು ಗುಂಪುಗುಂಪಾಗಿ ಎತ್ತುವ ಚೌಕಟ್ಟಿನ) ಮಗ್ಗ ಬೇಕು. ಆದರೆ ಮೊದಲ ಐದಾರು ಬಟ್ಟೆಗಳವರೆಗೆ ಅದರ ಯೋಚನೆ ಬೇಡ.

ಯಾವ ನೂಲನ್ನು ಹಾಸು ಮಾಡಬಹುದು?

ಹೊಕ್ಕಿಗೆ ಬಹುಮಟ್ಟಿಗೆ ಯಾವ ನೂಲಾದರೂ ನಡೆಯುತ್ತದೆ. ಹಾಸಿನ ಎಳೆ ಮಾತ್ರ ಗಂಟೆಗಟ್ಟಲೆ ಬಿಗಿತವನ್ನೂ ಹಣಿಗೆಯ ಉಜ್ಜುವಿಕೆಯನ್ನೂ ತಾಳಬೇಕು. ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ಒಂದು, ಒಂದು ಗೇಣು ನೂಲನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ತಿರುಪು ಬಿಚ್ಚಿಕೊಂಡು ಹಿಂಜಿದ ಅರಳೆಯಂತೆ ಎರಡಾದರೆ ಅದು ಹಾಸಿಗಾಗದು. ಎರಡು, ಬಿಗಿ ಹಿಡಿದ ನೂಲಿನ ಮೇಲೆ ಉಗುರಿನಿಂದ ಇಪ್ಪತ್ತು ಸಲ ಗೀರಿ. ನವಿರು ಎದ್ದು ಗುಂಜು ಕಟ್ಟಿದರೆ ಹಣಿಗೆಯಲ್ಲೂ ಅದೇ ಗತಿ. ಎರಡು ಅಥವಾ ಮೂರು ಎಳೆ ಕೂಡಿಸಿ ಹುರಿಗೊಳಿಸಿದ ನೂಲು ಹೊಸಬರಿಗೆ ಸುರಕ್ಷಿತ. ಒಂಟಿ ಎಳೆಯ ನೂಲನ್ನೂ ಹಾಸಿನಲ್ಲಿ ಬಳಸುವವರಿದ್ದಾರೆ, ಆದರೆ ಅವರು ಗಂಜಿ ಹಾಕಿ ಒಣಗಿಸಿ ಗಟ್ಟಿಮಾಡಿಕೊಂಡಿರುತ್ತಾರೆ.

ಇಂಚಿಗೆ ಎಷ್ಟು ಎಳೆ ಎಂದು ತಿಳಿಯುವುದು ಹೇಗೆ?

ನೂಲನ್ನು ಅಡಿಪಟ್ಟಿಯ ಮೇಲೆ ಪಕ್ಕಪಕ್ಕಕ್ಕೆ, ಒಂದರ ಮೇಲೊಂದು ಏರದಂತೆ, ಎಳೆದು ತೆಳ್ಳಗಾಗದಂತೆ ಒಂದು ಇಂಚು ಸುತ್ತಿ. ಸುತ್ತು ಎಣಿಸಿ. ಸಾದಾ ನೇಯ್ಗೆಗೆ ಅದರ ಅರ್ಧ, ಟ್ವಿಲ್‌ಗೆ ಮೂರರಲ್ಲಿ ಎರಡು ಪಾಲು. 20 ಸುತ್ತು ಬಂದರೆ ಸಾದಾ ನೇಯ್ಗೆಗೆ ಇಂಚಿಗೆ 10 ಎಳೆಯ ಹಣಿಗೆ ಬೇಕು. ಅರ್ಧ ಯಾಕೆಂದರೆ, ಪ್ರತಿ ಎರಡು ಹಾಸಿನ ಎಳೆಗಳ ನಡುವೆ ಒಂದು ಹೊಕ್ಕು ಇಳಿಯಲು ಅಷ್ಟೇ ದಪ್ಪದ ಜಾಗ ಬೇಕಲ್ಲ.

ನೂಲು ಎಷ್ಟು ಬೇಕು? ಪ್ರತಿ ಸಲ ಕೊನೆಯಲ್ಲಿ ಕಡಿಮೆ ಬೀಳುತ್ತದೆ.

ಮುಗಿದ ಬಟ್ಟೆಯ ಅಳತೆಯನ್ನಷ್ಟೇ ಲೆಕ್ಕ ಹಾಕಿದರೆ ಕಡಿಮೆ ಬಿದ್ದೇ ಬೀಳುತ್ತದೆ. ನೂಲು ಮೇಲೆ ಕೆಳಗೆ ನುಸುಳುವಾಗ ಉದ್ದ ತಿನ್ನುತ್ತದೆ, ತೊಳೆದಾಗ ಬಟ್ಟೆ ಕುಗ್ಗುತ್ತದೆ, ಮಗ್ಗದ ಹಿಂದೆ ಮುಂದೆ ನೇಯಲಾಗದ ತುದಿ ಉಳಿಯುತ್ತದೆ.

ಸುಮಾರು 26 ಸೆಂ.ಮೀ. ಅಗಲ, 160 ಸೆಂ.ಮೀ. ಉದ್ದದ ಒಂದು ಶಾಲು ಎಂದುಕೊಳ್ಳಿ. ಹಣಿಗೆ ಇಂಚಿಗೆ 10 ಎಳೆಯದು. ಅಗಲ ಕುಗ್ಗುವುದರಿಂದ ಹಣಿಗೆಯಲ್ಲಿ 12 ಇಂಚು, ಅಂದರೆ 30 ಸೆಂ.ಮೀ. ತುಂಬಬೇಕು: 120 ಎಳೆ. ಉದ್ದ 160ಕ್ಕೆ ಶೇ 20 ಸೇರಿಸಿದರೆ 192, ಮಗ್ಗದ ಪಾಲಿಗೆ 60, ಒಟ್ಟು 252. ಇದನ್ನು ಎರಡೂವರೆ ಮೀಟರ್ ಎನ್ನೋಣ. 120 ಎಳೆ × 2.5 ಮೀ. = 300 ಮೀಟರ್ ಹಾಸು. ಹೊಕ್ಕು ಕೂಡ ಇಂಚಿಗೆ 10. ಮಗ್ಗದ ಮೇಲೆ ನೇಯುವುದು ಸುಮಾರು 70 ಇಂಚು, ಹಾಗಾಗಿ 700 ಸಾಲು. ಒಂದೊಂದಕ್ಕೆ 33 ಸೆಂ.ಮೀ. ಎಂದರೆ 231 ಮೀಟರ್. ಒಟ್ಟು 531. ನಿಮ್ಮ 100 ಗ್ರಾಂ ಉಂಡೆಯಲ್ಲಿ 220 ಮೀಟರ್ ಇದ್ದರೆ ಎರಡೂವರೆ ಉಂಡೆ ಹತ್ತಿರ. ಮೂರು ತೆಗೆದುಕೊಳ್ಳಿ, ಒಂದೇ ಬಣ್ಣದ ಬ್ಯಾಚಿನವು. ಕುಚ್ಚಿಗೆ ಬೇಕಾದ ಉದ್ದ ಆ 60 ಸೆಂ.ಮೀ. ಉಳಿಕೆಯಲ್ಲೇ ಸಿಗುತ್ತದೆ.

ಹಾಸು ಸುತ್ತುವಾಗ ಎಳೆಗಳು ಸಿಕ್ಕಾಗುತ್ತವೆ. ಒಂದೇ ಸಮ ಬಿಗಿ ಬರುವುದಿಲ್ಲ.

ಸಿಕ್ಕು ಬಿಡಿಸಲು ಬಾಚಬೇಡಿ. ಬಾಚಿದರೆ ಸಡಿಲ ಎಳೆಗಳೆಲ್ಲ ಮುಂದಕ್ಕೆ ಬಂದು ಗಂಟಾಗುತ್ತವೆ. ಇಡೀ ಕಟ್ಟನ್ನು ಒಟ್ಟಿಗೆ ಹಿಡಿದು ಒಮ್ಮೆ ಜಾಡಿಸಿ ಎಳೆಯಿರಿ, ಬಹಳಷ್ಟು ತಾವೇ ಸರಿಹೋಗುತ್ತವೆ. ಹಿಂದಿನ ಉರುಳೆಗೆ ಸುತ್ತುವಾಗ ಪ್ರತಿ ಸುತ್ತಿಗೂ ನಡುವೆ ದಪ್ಪ ಕಾಗದ ಕೊಡಿ. ಕಾಗದ ಹಾಸಿನ ಅಗಲಕ್ಕಿಂತ ಎರಡೂ ಕಡೆ ಎರಡೆರಡು ಸೆಂ.ಮೀ. ಹೆಚ್ಚಿರಲಿ. ಕಾಗದವಿಲ್ಲದಿದ್ದರೆ ಮೇಲಿನ ಎಳೆ ಕೆಳಗಿನ ಪದರದೊಳಗೆ ಹೂತುಹೋಗಿ, ಒಂದು ಎಳೆ ಬಿಗಿ ಮತ್ತೊಂದು ಸಡಿಲ ಆಗುತ್ತದೆ.

ಮುಂದಿನ ಕೋಲಿಗೆ ಒಂದೊಂದು ಇಂಚಿನ ಗೊಂಚಲು ಮಾಡಿ ಕಟ್ಟಿ. ಮೊದಲು ನಡುವಿನದು, ಆಮೇಲೆ ಎಡಗೊನೆ, ಬಲಗೊನೆ, ಕೊನೆಗೆ ಉಳಿದವು. ಮೊದಲ ಸುತ್ತಿನಲ್ಲಿ ಅರ್ಧ ಗಂಟು ಮಾತ್ರ. ಕಣ್ಣು ಮುಚ್ಚಿ ಅಂಗೈಯಿಂದ ಹಾಸನ್ನು ಮೆಲ್ಲಗೆ ತಟ್ಟುತ್ತಾ ಎಡದಿಂದ ಬಲಕ್ಕೆ ಬನ್ನಿ. ಕಣ್ಣಿಗೆ ಕಾಣದ ಸಡಿಲು ಅಂಗೈಗೆ ಗೊತ್ತಾಗುತ್ತದೆ. ಎಲ್ಲ ಸಮವಾದ ಮೇಲೆ ಗಂಟು ಪೂರ್ತಿ ಮಾಡಿ. ನಂತರ ಹಾಸಿಗಿಂತ ಬೇರೆ ಬಣ್ಣದ ದಪ್ಪ ನೂಲಿನಲ್ಲಿ 3 ಸೆಂ.ಮೀ. ನೇಯ್ದು ನೋಡಿ. ಎರಡು ಎಳೆ ಜೋಡಿಯಾಗಿ ಏಳುತ್ತಿದ್ದರೆ ತೂತು-ಸೀಳಿನಲ್ಲಿ ತಪ್ಪಾಗಿದೆ ಎಂದರ್ಥ. ಈಗ ಸರಿಪಡಿಸಲು ಹತ್ತು ನಿಮಿಷ ಸಾಕು, ಒಂದು ಮೊಳ ನೇಯ್ದ ಮೇಲೆ ಅರ್ಧ ದಿನ.

ನೇಯುತ್ತಾ ಹೋದಂತೆ ಬಟ್ಟೆ ಕಿರಿದಾಗುತ್ತಿದೆ, ಅಂಚಿನ ಎಳೆ ತುಂಡಾಗುತ್ತಿದೆ. ಯಾಕೆ?

ಇವು ಎರಡಲ್ಲ, ಒಂದೇ ತೊಂದರೆ. ಹೊಕ್ಕು ನೇರ ಗೆರೆಯಲ್ಲಿ ಹೋಗುವುದಿಲ್ಲ, ಒಂದು ಎಳೆಯ ಮೇಲೆ ಏರಿ ಮುಂದಿನದರ ಕೆಳಗೆ ಇಳಿಯುತ್ತದೆ. ಆದ್ದರಿಂದ 30 ಸೆಂ.ಮೀ. ಅಗಲಕ್ಕೆ 30 ಸೆಂ.ಮೀ. ನೂಲು ಸಾಲದು. ನೀವು ಅಂಚಿನಿಂದ ಅಂಚಿಗೆ ನೆಟ್ಟಗೆ ಎಳೆದಿಟ್ಟು ಬಡಿದರೆ, ಕೊರತೆಯಾದ ನೂಲನ್ನು ಅದು ಅಂಚುಗಳನ್ನು ಒಳಗೆ ಸೆಳೆದುಕೊಂಡು ತುಂಬಿಸಿಕೊಳ್ಳುತ್ತದೆ. ಅಂಚು ಒಳಗೆ ಬಂದ ಮೇಲೆ ಹಣಿಗೆಯ ಕೊನೆಯ ಎಳೆಗಳು ಓರೆಯಾಗುತ್ತವೆ, ಪ್ರತಿ ಬಡಿತಕ್ಕೂ ಹಣಿಗೆಗೆ ಉಜ್ಜಿ ಸವೆದು ಕಡಿಯುತ್ತವೆ.

ಲಾಳಿಯನ್ನು ದಾಟಿಸಿ, ತಿರುವಿನ ಕುಣಿಕೆ ಅಂಚಿನ ಎಳೆಯನ್ನು ಮುಟ್ಟುವಷ್ಟು ಮಾತ್ರ ನೂಲು ಎಳೆಯಿರಿ, ಒತ್ತಬಾರದು. ಅಂಚಿನ ಬಳಿ ಹೊಕ್ಕು ನೇಯ್ದ ಬಟ್ಟೆಗೆ ತಾಗಿರಲಿ, ಅಲ್ಲಿಂದ ಇನ್ನೊಂದು ಬದಿಗೆ ಸುಮಾರು 30 ಡಿಗ್ರಿ ಓರೆಯಾಗಿ ಏರಲಿ. ಅಗಲ ಜಾಸ್ತಿಯಿದ್ದರೆ ನಡುವೆ ಬೆರಳಿನಿಂದ ಮೇಲಕ್ಕೆತ್ತಿ ಗುಡ್ಡದಂತೆ ಮಾಡಿ. ಆಮೇಲೆ ಹಣಿಗೆಯನ್ನು ತಂದು ಒತ್ತಿ. ಓರೆಯಲ್ಲಿ ಅಡಗಿದ್ದ ಹೆಚ್ಚಿನ ನೂಲು ಎಳೆಗಳ ನಡುವೆ ಹಂಚಿಹೋಗುತ್ತದೆ. ಬಟ್ಟೆಯ ಮೇಲೆ ಪುಟ್ಟ ಪುಟ್ಟ ಕುಣಿಕೆಗಳು ಎದ್ದರೆ ಓರೆ ಜಾಸ್ತಿಯಾಗಿದೆ.

ಅಗಲವನ್ನು ಕಣ್ಣಳತೆಗೆ ಬಿಡಬೇಡಿ. ಪ್ರತಿ 5 ಸೆಂ.ಮೀ.ಗೊಮ್ಮೆ ಪಟ್ಟಿ ಇಟ್ಟು ನೋಡಿ. 30 ಇದ್ದದ್ದು 27, 28ಕ್ಕೆ ನಿಂತರೆ ಸರಿ. 25ಕ್ಕೆ ಇಳಿದಿದ್ದರೆ ಬಿಚ್ಚುವುದೇ ಮೇಲು. ಮುಂದೆ ಸಡಿಲವಾಗಿ ನೇಯ್ದರೂ ಆ ಸೊಂಟ ಹಾಗೇ ಉಳಿಯುತ್ತದೆ.

ಎಷ್ಟು ಜೋರಾಗಿ ಬಡಿಯಬೇಕು?

ಬಡಿಯುವುದು ಎನ್ನುವ ಮಾತೇ ದಾರಿ ತಪ್ಪಿಸುತ್ತದೆ. ಶಾಲಿಗೆ ಒತ್ತಿದರೆ ಸಾಕು. ಹಾಸು ಬಿಗಿಯಲ್ಲಿರುವಾಗ ಬಟ್ಟೆ ತುಸು ಜರಡಿಯಂತೆ, ಪುಟ್ಟ ಚೌಕಗಳಾಗಿ ಕಾಣಬೇಕು. ಇಂಚಿಗೆ 10 ಹಾಸು ಇದ್ದಲ್ಲಿ 16 ಹೊಕ್ಕು ತುರುಕಿದರೆ ಅದು ಶಾಲಲ್ಲ, ಕಾಲೊರಸು.

ಹಾಸಿನ ಎಳೆ ಕಡಿದರೆ ಎಲ್ಲ ಮುಗಿಯಿತೇ?

ಇಲ್ಲ. ಉಳಿದ ಉದ್ದಕ್ಕೆ ಸಾಕಾಗುವಷ್ಟು ಹೊಸ ಎಳೆ ತೆಗೆದುಕೊಂಡು ಅದೇ ತೂತು ಅಥವಾ ಸೀಳಿನಲ್ಲಿ ತೂರಿಸಿ. ನೇಯ್ದ ಬಟ್ಟೆಯಲ್ಲಿ ಅಂಚಿನಿಂದ 3 ಸೆಂ.ಮೀ. ಕೆಳಗೆ ಗುಂಡುಸೂಜಿ ಚುಚ್ಚಿ, ಹೊಸ ಎಳೆಯ ತುದಿಯನ್ನು ಅದಕ್ಕೆ ಇಂಗ್ಲಿಷಿನ ಎಂಟರ ಅಂಕಿಯಂತೆ ಸುತ್ತಿ. ಹಿಂದೆ ಉಳಿದ ಉದ್ದವನ್ನು ಮಗ್ಗದ ಹಿಂಬದಿಯಿಂದ ಇಳಿಬಿಟ್ಟು ನೀರು ತುಂಬಿದ ಚಿಕ್ಕ ಬಾಟಲಿಯನ್ನೋ ನಟ್ಟನ್ನೋ ತೂಗುಹಾಕಿ. ನೆರೆಯ ಎಳೆಯಷ್ಟೇ ಬಿಗಿ ಬರುವಂತೆ ಭಾರ ಹೊಂದಿಸಿ. ಬಟ್ಟೆ ಇಳಿಸಿದ ಮೇಲೆ ಹಳೆಯ, ಹೊಸ ತುದಿಗಳನ್ನು ಸೂಜಿಯಿಂದ ಅದೇ ದಾರಿಯಲ್ಲಿ ಎರಡು ಮೂರು ಸೆಂ.ಮೀ. ಪಕ್ಕಪಕ್ಕ ನೇಯ್ದು ಕತ್ತರಿಸಿ. ಗಂಟು ಬೇಡ, ಹಣಿಗೆ ದಾಟುವಾಗ ಸಿಕ್ಕಿಕೊಳ್ಳುತ್ತದೆ.

ಹೊಕ್ಕಿನ ನೂಲು ಮುಗಿದಾಗ?

ಹಳೆಯ ತುದಿ, ಹೊಸ ತುದಿ ಒಂದೇ ಬಾಯಿಯಲ್ಲಿ 4 ಸೆಂ.ಮೀ. ಒಂದರ ಮೇಲೊಂದು ಹಾಯಲಿ. ದಪ್ಪ ನೂಲಾದರೆ ಎರಡೂ ತುದಿಯ ತಿರುಪು ಬಿಚ್ಚಿ ಅರ್ಧ ಕಿತ್ತು ತೆಳುಮಾಡಿ.

ಹೆಣಿಗೆಗೆ ಯಾವ ಕಡ್ಡಿ, ಯಾವ ನೂಲಿನಿಂದ ಶುರುಮಾಡಲಿ?

5 ಮಿ.ಮೀ. ಬಿದಿರಿನ ಅಥವಾ ಮರದ ಕಡ್ಡಿ, ಮಧ್ಯಮ ದಪ್ಪದ ನುಣುಪು ನೂಲು, ತಿಳಿ ಬಣ್ಣ. ಲೋಹದ ಕಡ್ಡಿಯಿಂದ ಕುಣಿಕೆ ಬೇಗ ಜಾರುತ್ತದೆ. ಕಪ್ಪು ನೂಲಿನಲ್ಲಿ ಕುಣಿಕೆ ಕಾಣುವುದಿಲ್ಲ, ರೋಮ ರೋಮದ ನೂಲನ್ನು ಬಿಚ್ಚಲಾಗುವುದಿಲ್ಲ.

ಕಡ್ಡಿಯ ನಂಬರನ್ನು ನಂಬಬೇಡಿ, ಮಿಲಿಮೀಟರ್ ನೋಡಿ. ಅಮೆರಿಕದ ಅಳತೆಯಲ್ಲಿ 8ನೇ ನಂಬರು ಎಂದರೆ 5 ಮಿ.ಮೀ., ಬ್ರಿಟನ್ನಿನ ಹಳೆಯ ಅಳತೆಯಲ್ಲಿ ಅದೇ 8 ಎಂದರೆ 4 ಮಿ.ಮೀ. ಅಮೆರಿಕದ್ದರಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ದಪ್ಪ, ಬ್ರಿಟನ್ನಿನ ಹಳೆಯದರಲ್ಲಿ ತೆಳು.

ನೂಲು ಲಡಿಯಾಗಿ ಬಂದಿದ್ದರೆ ಮೊದಲು ಉಂಡೆ ಸುತ್ತಿಕೊಳ್ಳಿ. ಲಡಿಯಿಂದ ನೇರ ಹೆಣೆಯಲು ಹೋದವರು ಆ ದಿನವೆಲ್ಲ ಸಿಕ್ಕು ಬಿಡಿಸುತ್ತಾರೆ.

ಕಡ್ಡಿಗೆ ಕುಣಿಕೆ ಏರಿಸುವಾಗ ಬಾಲದ ನೂಲು ಮುಗಿದುಹೋಗುತ್ತದೆ.

ಬಾಲವೆಂದರೆ ಕುಣಿಕೆ ಏರಿಸಲೆಂದು ಮುಂಚೆಯೇ ಬಿಟ್ಟುಕೊಳ್ಳುವ ನೂಲಿನ ತುದಿ. ಉದ್ದ ಬಾಲದ ವಿಧಾನದಲ್ಲಿ, ಹೆಣೆಯಬೇಕಾದ ಅಗಲದ ಮೂರು ಪಟ್ಟು, ಜೊತೆಗೆ 15 ಸೆಂ.ಮೀ. ಬಾಲ ಬಿಡಿ. ಇನ್ನೂ ಖಚಿತ ಬೇಕಿದ್ದರೆ ನೂಲನ್ನು ಕಡ್ಡಿಗೆ ಹತ್ತು ಸುತ್ತು ಸುತ್ತಿ ಬಿಚ್ಚಿ ಅಳೆಯಿರಿ, ಹತ್ತು ಕುಣಿಕೆಗೆ ಹೆಚ್ಚುಕಡಿಮೆ ಅಷ್ಟು ಬೇಕಾಗುತ್ತದೆ.

20 ಕುಣಿಕೆ ಏರಿಸಿದ್ದೆ, ಈಗ 26 ಇವೆ. ಎಲ್ಲಿಂದ ಬಂದವು?

ಹೊಸಬರ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಮೂರು ಕಳ್ಳದಾರಿಗಳಿವೆ.

ಸಾಲಿನ ಆರಂಭದಲ್ಲಿ ಕಡ್ಡಿ ತಿರುಗಿಸಿದಾಗ ನೂಲು ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ, ಮೊದಲ ಕುಣಿಕೆಯ ಎರಡೂ ಕಾಲು ಮೇಲೆದ್ದು ಎರಡು ಕುಣಿಕೆಯಂತೆ ಕಾಣುತ್ತವೆ. ಎರಡನ್ನೂ ಹೆಣೆದುಬಿಡುತ್ತೀರಿ. ಅಂಚು ಓರೆಯಾಗಿ ಅಗಲವಾಗುತ್ತಿದ್ದರೆ ಕಾರಣ ಇದೇ. ನೂಲನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ಒಯ್ಯಿರಿ.

ಎರಡನೆಯದು ಸೀದಾದಿಂದ (ನೂಲನ್ನು ಕುಣಿಕೆಯ ಮೂಲಕ ಮುಂದಕ್ಕೆ ಎಳೆಯುವುದು) ಉಲ್ಟಾಗೆ (ಹಿಂದಕ್ಕೆ ಎಳೆಯುವುದು) ಬದಲಾಗುವಾಗ ಆಗುವುದು. ನೂಲು ಎರಡು ಕಡ್ಡಿಗಳ ನಡುವಿನಿಂದ ಮುಂದೆ ಬರಬೇಕು. ಬಲಗಡ್ಡಿಯ ಮೇಲಿಂದ ಬಂದರೆ ಅದೊಂದು ಹೊಸ ಕುಣಿಕೆಯಾಗಿ ಕೂರುತ್ತದೆ, ಮುಂದಿನ ಸಾಲಿನಲ್ಲಿ ಅಲ್ಲೊಂದು ತೂತು ಬೀಳುತ್ತದೆ. ಮೂರನೆಯದು, ಕಡ್ಡಿ ನೂಲಿನ ನಡುವೆ ಚುಚ್ಚಿ ಹುರಿಯನ್ನು ಸೀಳುವುದು. ಅರ್ಧ ನೂಲು ಒಂದು ಕುಣಿಕೆ, ಉಳಿದರ್ಧ ಇನ್ನೊಂದು.

ಮೊದಲ ಇಪ್ಪತ್ತು ಸಾಲುಗಳವರೆಗೆ ಪ್ರತಿ ಸಾಲಿನ ಕೊನೆಗೂ ಎಣಿಸಿ.

ಹೆಣೆದ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಇಸ್ತ್ರಿ ಮಾಡಿದರೆ ಸರಿಹೋಗುತ್ತದೆಯೇ?

ಹೋಗುವುದಿಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದಾಗ ಕುಣಿಕೆಗಳೆಲ್ಲ ಒಂದೇ ಕಡೆ ಮುಖ ಮಾಡುತ್ತವೆ. ಬಾಗಿಸಿದ ನೂಲು ನೆಟ್ಟಗಾಗಲು ಹವಣಿಸಿ ಪಕ್ಕದ ಅಂಚನ್ನು ಹಿಂದಕ್ಕೂ, ಮೇಲಿನ ಕೆಳಗಿನ ಅಂಚನ್ನು ಮುಂದಕ್ಕೂ ಸುತ್ತುತ್ತದೆ. ಎಲ್ಲ ಸಾಲೂ ಸೀದಾ ಇರುವ ಗಾರ್ಟರ್ ಹೆಣಿಗೆಯಲ್ಲಿ ಮತ್ತು ಸೀದಾ, ಉಲ್ಟಾ ಕುಣಿಕೆಗಳು ಉದ್ದ ಪಟ್ಟೆಗಳಾಗಿ ಬರುವ ರಿಬ್‌ನಲ್ಲಿ ಎರಡೂ ಬದಿಯ ಸೆಳೆತ ಸಮವಾಗುವುದರಿಂದ ಸುರುಳಿ ಇಲ್ಲ. ಹಾಗಾಗಿ ಸುತ್ತ ನಾಲ್ಕೈದು ಕುಣಿಕೆಯಷ್ಟು, ಐದಾರು ಸಾಲಿನಷ್ಟು ಗಾರ್ಟರ್ ಅಂಚು ಕೊಟ್ಟು ಹೆಣೆಯಿರಿ.

ಮಾದರಿ ತುಂಡು ಹೆಣೆಯಲೇಬೇಕೇ?

ಮಫ್ಲರಿಗೆ ಬೇಡ. ಮೈಗೆ ಹೊಂದಬೇಕಾದ ಯಾವುದಕ್ಕಾದರೂ ಬೇಕೇ ಬೇಕು. ಪುಸ್ತಕದ ವಿನ್ಯಾಸ 10 ಸೆಂ.ಮೀ.ಗೆ 22 ಕುಣಿಕೆ ಎನ್ನುತ್ತದೆ, ಸುತ್ತಳತೆ 100 ಸೆಂ.ಮೀ.ಗೆ 220 ಕುಣಿಕೆ ಹಾಕಿಸುತ್ತದೆ. ನಿಮ್ಮ ಕೈಗೆ 20 ಬರುತ್ತದೆ. ಬರೀ ಎರಡು ಕುಣಿಕೆ ಅಲ್ಲವೇ ಎಂದು ಮುಂದುವರಿದರೆ 220 ಕುಣಿಕೆಗೆ ಸ್ವೆಟರ್ 110 ಸೆಂ.ಮೀ. ಆಗುತ್ತದೆ.

ತುಂಡು 15 ಸೆಂ.ಮೀ. ಚೌಕವಿರಲಿ. ಬಟ್ಟೆಯನ್ನು ಹೇಗೆ ಒಗೆಯುತ್ತೀರೋ ಹಾಗೇ ಒಗೆದು ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ.ಯಲ್ಲಿ ಎಣಿಸಿ. ಅರ್ಧ ಕುಣಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕುಣಿಕೆ ಕಡಿಮೆ ಬಂದರೆ ತೆಳು ಕಡ್ಡಿ, ಹೆಚ್ಚು ಬಂದರೆ ದಪ್ಪ ಕಡ್ಡಿ. ಕೈ ಬಿಗಿ ಬದಲಿಸಿ ಹೊಂದಿಸಲು ಹೋಗಬೇಡಿ, ಹತ್ತು ಸಾಲಿನ ನಂತರ ಕೈ ತನ್ನ ಹಳೆಯ ಚಾಳಿಗೆ ಮರಳುತ್ತದೆ.

ಕುಣಿಕೆ ಎಷ್ಟು ಬಿಗಿಯೆಂದರೆ ಕಡ್ಡಿ ತೂರುವುದೇ ಇಲ್ಲ.

ಕಡ್ಡಿಯ ಚೂಪು ತುದಿಯಲ್ಲೇ ಹೆಣೆಯುತ್ತಿದ್ದೀರಿ. ತುದಿ ತೆಳು, ಅಲ್ಲಿ ಹುಟ್ಟಿದ ಕುಣಿಕೆಯೂ ಚಿಕ್ಕದು. ಪ್ರತಿ ಕುಣಿಕೆಯನ್ನೂ ಕಡ್ಡಿಯ ಪೂರ್ತಿ ದಪ್ಪ ಇರುವ ಭಾಗಕ್ಕೆ ತಳ್ಳಿ ಆಮೇಲೆ ಮುಂದಿನದಕ್ಕೆ ಹೋಗಿ. ಹೆಣೆದ ಮೇಲೆ ನೂಲನ್ನು ಜಗ್ಗಿ 'ಭದ್ರ' ಮಾಡುವ ಅಭ್ಯಾಸವಿದ್ದರೆ ಬಿಡಿ. ಕುಣಿಕೆಯನ್ನು ಭದ್ರವಾಗಿಡುವುದು ಮುಂದಿನ ಸಾಲು, ನಿಮ್ಮ ಬೆರಳಲ್ಲ.

ಒಂದು ಕುಣಿಕೆ ಜಾರಿ ನಾಲ್ಕು ಸಾಲು ಕೆಳಗೆ ಇಳಿದಿದೆ. ಎಲ್ಲ ಬಿಚ್ಚಬೇಕೇ?

ಬೇಡ. ಮೊದಲು ಆ ಕುಣಿಕೆಗೆ ಪಿನ್ನು ಹಾಕಿ ನಿಲ್ಲಿಸಿ. ಸೀದಾ ಬದಿ ನಿಮ್ಮ ಕಡೆಗಿರಲಿ. ಕ್ರೋಶಾ ಕಡ್ಡಿಯನ್ನು (ತುದಿಯಲ್ಲಿ ಕೊಕ್ಕೆಯಿರುವುದು) ಕುಣಿಕೆಯೊಳಗೆ ಮುಂದಿನಿಂದ ಹಾಕಿ, ಅದರ ನೇರ ಮೇಲಿರುವ ಅಡ್ಡ ನೂಲನ್ನು ಹಿಡಿದು ಕುಣಿಕೆಯ ಮೂಲಕ ಮುಂದಕ್ಕೆ ಎಳೆಯಿರಿ. ಒಂದು ಮೆಟ್ಟಿಲು ಆಯಿತು. ಹೀಗೆ ನಾಲ್ಕು. ಕೊನೆಯ ಕುಣಿಕೆಯನ್ನು ಎಡಗಡ್ಡಿಗೆ ಏರಿಸುವಾಗ ಅದರ ಬಲಗಾಲು ಕಡ್ಡಿಯ ಮುಂದಿರಬೇಕು. ಎಡಗಾಲು ಮುಂದಿದ್ದರೆ ಹೆಣೆದಾಗ ಅದು ತಿರುಚಿಕೊಂಡು ಬಿಗಿಯಾಗಿ ಎದ್ದು ಕಾಣುತ್ತದೆ.

ಮಗ್ಗದಿಂದ ಇಳಿಸಿದ ಬಟ್ಟೆ ಗೋಣಿಯಂತಿದೆ, ಜಾಳುಜಾಳಾಗಿದೆ.

ಇನ್ನೂ ತೊಳೆದಿಲ್ಲ, ಅದಕ್ಕೇ. ಮೊದಲು ತುದಿಗಳನ್ನು ಗಂಟು ಹಾಕಿ ಅಥವಾ ಹೊಲಿದು ಭದ್ರಮಾಡಿ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ 20 ನಿಮಿಷ ನೆನೆಸಿ. ಬಿಗಿ ಬಿಟ್ಟ ಎಳೆಗಳು ನೀರಿನಲ್ಲಿ ಉಬ್ಬಿ, ಸರಿದು, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹತ್ತಿಯಾದರೆ ಇನ್ನಷ್ಟು ಬಿಸಿ ನೀರೂ ಆದೀತು. ಗಾಢ ಬಣ್ಣವಿದ್ದರೆ ಒದ್ದೆ ಮಾಡಿದ ನೂಲಿನ ತುಂಡನ್ನು ಬಿಳಿ ಬಟ್ಟೆಗೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಉಣ್ಣೆಯ ಸ್ವೆಟರ್ ಒಗೆದ ಮೇಲೆ ಮಗುವಿನ ಅಳತೆಗೆ ಬಂತು. ಹಿಗ್ಗಿಸಬಹುದೇ?

ಆಗದು. ಉಣ್ಣೆಯ ಕೂದಲಿನ ಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಕೂದಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿಗಟ್ಟುತ್ತವೆ, ಮತ್ತೆ ಬಿಡುವುದಿಲ್ಲ. 30 ಡಿಗ್ರಿ ಮೀರದ ನೀರಿನಲ್ಲಿ ನೆನೆಸಿ, ತಿಕ್ಕದೆ, ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಹಗ್ಗಕ್ಕೆ ತೂಗುಹಾಕಿದರೆ ನೀರಿನ ಭಾರಕ್ಕೇ ಜೋತು ಉದ್ದವಾಗುತ್ತದೆ. ಮಟ್ಟಸವಾಗಿ ಹರಡಿ ನೆರಳಲ್ಲಿ ಒಣಗಿಸಿ.

ಕೈನೇಯ್ಗೆಯ ಬಟ್ಟೆಯನ್ನು ಕತ್ತರಿಸಿ ಹೊಲಿಯಬಹುದೇ?

ತೊಳೆದ ಮೇಲೆ ಧಾರಾಳವಾಗಿ. ಕತ್ತರಿ ಹಾಕುವ ಗೆರೆಯ ಎರಡೂ ಬದಿಗೆ ಹೊಲಿಗೆಯಂತ್ರದಲ್ಲಿ ಜಿಗ್‌ಜಾಗ್ ಹೊಲಿಗೆ ಹಾಕಿ, ಅವೆರಡರ ನಡುವೆ ಕತ್ತರಿಸಿ. ಜೋಡಿಸುವಾಗ ಒಂದೂವರೆ ಸೆಂ.ಮೀ. ಅಂಚು ಬಿಡಿ.

ಮಣಿಕಟ್ಟು ನೋಯುತ್ತದೆ.

ಅರ್ಧ ಗಂಟೆಗೊಮ್ಮೆ ಎದ್ದು ಕೈ ಬಿಡಿಸಿ. ನೇರ ಕಡ್ಡಿಯಲ್ಲಿ ದೊಡ್ಡ ಬಟ್ಟೆ ಹೆಣೆಯುತ್ತಿದ್ದರೆ ತಂತಿ ಜೋಡಿಸಿದ ಉರುಟು ಕಡ್ಡಿಗೆ ಬದಲಿಸಿ, ಭಾರ ಮಣಿಕಟ್ಟಿನಿಂದ ಮಡಿಲಿಗೆ ಇಳಿಯುತ್ತದೆ. ಮರಗಟ್ಟುವಿಕೆ ಅಥವಾ ಜುಮುಗುಟ್ಟುವಿಕೆ ಇದ್ದರೆ ಕಡ್ಡಿ ಕೆಳಗಿಟ್ಟು ವೈದ್ಯರಿಗೆ ತೋರಿಸಿ.